ಗಾಂಜಾ ಸೇದಿದ ಹುಡುಗನನ್ನು ಮೊದಲು ಡಾಕ್ಟರ್ ಹತ್ತಿರ ಕಳಿಸಿ: ಗೃಹ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಗೃಹ ಸಚಿವರಿಗೆ ನಮಸ್ಕಾರ.

ನಾನು ರಾಜಾಜಿನಗರದಲ್ಲಿ ಮೆಡಿಕಲ್ ಶಾಪ್ ನಡೆಸುತ್ತಿದ್ದೇನೆ. 22 ವರ್ಷ ಆಯಿತು. ಡಿ.ಫಾರ್ಮ ಓದಿದವನು. ಡಾಕ್ಟರ್ ಅಲ್ಲ, ವಕೀಲನೂ ಅಲ್ಲ. ಆದರೆ ಡಾಕ್ಟರ್ ಹತ್ತಿರ ಹೇಳೋಕೆ ಆಗದ್ದನ್ನು ಜನ ನಮ್ಮ ಕೌಂಟರ್ ಮುಂದೆ ನಿಂತು ಹೇಳುತ್ತಾರೆ. ಮೆಲ್ಲಗೆ, ಪಕ್ಕದಲ್ಲಿ ಯಾರೂ ಇಲ್ಲದಾಗ ಹೇಳುತ್ತಾರೆ. ಅದಕ್ಕೇ ತಮಗೆ ಈ ಪತ್ರ ಬರೆಯುವ ಧೈರ್ಯ ಮಾಡಿದೆ.

ಸಂಜೆ 7 ಗಂಟೆಯ ಮೇಲೆ ಹುಡುಗರು ಬರುತ್ತಾರೆ. ಒಬ್ಬ ಬೈಕ್ ಮೇಲೇ ಕೂತಿರುತ್ತಾನೆ. ಇನ್ನೊಬ್ಬ ಇಳಿದು ಬಂದು, 'ಅಂಕಲ್, ಕಣ್ಣು ಕೆಂಪಾಗಿದೆ, ಡ್ರಾಪ್ಸ್ ಕೊಡಿ' ಅನ್ನುತ್ತಾನೆ. ಮೊದಮೊದಲು ಧೂಳಿಗೆ ಕೆಂಪಾಗಿರಬಹುದು ಅಂದುಕೊಳ್ಳುತ್ತಿದ್ದೆ. ಈಗ ಗೊತ್ತಾಗುತ್ತದೆ. ಅಂಗಿಯಿಂದ ಹಸಿ ಹುಲ್ಲು ಸುಟ್ಟ ವಾಸನೆ ಬರುತ್ತದೆ. ಚಿಲ್ಲರೆ ಎಣಿಸೋಕೆ ತುಂಬಾ ಹೊತ್ತು ತೆಗೆದುಕೊಳ್ಳುತ್ತಾರೆ. ಮನೆಗೆ ಹೋಗುವ ಮುಂಚೆ ಕಣ್ಣು ಬೆಳ್ಳಗಾಗಬೇಕು, ಅಷ್ಟೇ. ಅವರು ಕೆಟ್ಟ ಹುಡುಗರಲ್ಲ ಸರ್. ಅವರಲ್ಲಿ ಕೆಲವರ ಅಪ್ಪ ಅಮ್ಮ ಬಿಪಿ ಮಾತ್ರೆ ತಗೊಳ್ಳೋದೂ ನನ್ನ ಅಂಗಡಿಯಲ್ಲೇ. ಕೆಲವು ಹುಡುಗರ ಪೋಲಿಯೊ ಕಾರ್ಡ್ ಕೂಡ ನಾನು ನೋಡಿದ್ದೇನೆ.

ಅವರ ಜೊತೆಯಲ್ಲೇ ನಮ್ಮ ಅಕ್ಕನ ಮಗನೂ ಇದ್ದ. ಅದು ನನಗೆ ತಿಳಿದದ್ದು ತಡವಾಗಿ.

ಹುಡುಗ ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದ. ಮನೆ ಕಾಮಾಕ್ಷಿಪಾಳ್ಯ. ಒಂದು ದಿನ ಅಂಗಡಿಗೆ ಬಂದು, 'ಮಾಮ, ಪ್ಲಾಸ್ಟರ್ ರೋಲ್ ಕೊಡಿ' ಅಂದ. ಗಾಯಕ್ಕೆ ಹಾಕುತ್ತಾರಲ್ಲ, ಆ ಬಿಳಿ ಟೇಪು. ಎರಡು ದಿನ ಬಿಟ್ಟು ಮತ್ತೆ ಬಂದ. ಮತ್ತೆ ಎರಡು ರೋಲ್. ಆಟ ಆಡಿ ಏಟು ಮಾಡಿಕೊಂಡಿರಬೇಕು ಅಂದುಕೊಂಡು ದುಡ್ಡೂ ತೆಗೆದುಕೊಳ್ಳದೆ ಕೊಟ್ಟೆ. ಒಂದು ತಿಂಗಳಾದ ಮೇಲೆ ಅಕ್ಕನ ಮನೆಗೆ ಹೋದಾಗ ಅವನ ರೂಮು ನೋಡಿದೆ. ಸ್ವಿಚ್ ಬೋರ್ಡಿನ ಪ್ಲಗ್ ತೂತುಗಳಿಗೆಲ್ಲ ಟೇಪು ಅಂಟಿಸಿದ್ದ. ಕಿಟಕಿ ಸಂದಿಗೆ, ಫ್ಯಾನಿನ ಬುಡಕ್ಕೆ, ಲ್ಯಾಪ್‌ಟಾಪಿನ ಕ್ಯಾಮೆರಾಕ್ಕೆ, ಕನ್ನಡಿಯ ನಾಲ್ಕೂ ಮೂಲೆಗೆ. ಪಕ್ಕದ ಮನೆಯವರು ತೂತಿನಿಂದ ಅವನ ಮಾತು ಕೇಳಿಸಿಕೊಳ್ಳುತ್ತಾರಂತೆ. ಅವರ ಮನೆಯ ನೀರಿನ ಮೋಟಾರ್ ಆನ್ ಆದಾಗೆಲ್ಲ ಅದು ಅವನಿಗೆ ಬಂದ ಸಿಗ್ನಲ್ ಅಂತೆ. ಊಟದ ತಟ್ಟೆ ಮುಟ್ಟುವ ಮುಂಚೆ ಅಕ್ಕ ಮೊದಲು ಒಂದು ತುತ್ತು ತಿಂದು ತೋರಿಸಬೇಕಿತ್ತು.

ಅಕ್ಕನನ್ನು ಅಡುಗೆ ಮನೆಗೆ ಕರೆದುಕೊಂಡು ಹೋಗಿ ಕೇಳಿದೆ. 'ಸೊಪ್ಪು ಸೇದ್ತಾನೆ ಕಣೋ' ಅಂದಳು. ಎಷ್ಟು ದಿನದಿಂದ? ಒಂದೂವರೆ ವರ್ಷದಿಂದ. ದಿನಾ? ದಿನಾ. ಆಸ್ಪತ್ರೆಗೆ ಯಾಕೆ ತೋರಿಸಲಿಲ್ಲ ಅಂತ ಕೇಳಿದ್ದಕ್ಕೆ ಒಳಗಿನಿಂದ ಭಾವ ಬಂದು ಉತ್ತರ ಹೇಳಿದರು. 'ಆಸ್ಪತ್ರೆಗೆ ಹೋದ್ರೆ ಗಾಂಜಾ ಅಂತ ಚೀಟೀಲಿ ಬರೀತಾರೆ. ಬರೆದ್ರೆ ಪೊಲೀಸ್ರಿಗೆ ಹೋಗತ್ತೆ. ಇವನ ಜೀವನ ಮುಗೀತು.'

ಅವರು ಹಾಗೆ ಹೆದರೋಕೆ ಒಂದು ಕಾರಣ ಇತ್ತು. ಅವರ ಹಿಂದಿನ ಬೀದಿಯ ಹುಡುಗನೊಬ್ಬ ಆಗಷ್ಟೇ ಸಿಕ್ಕಿಬಿದ್ದಿದ್ದ. ಅವನ ಜೇಬಿನಲ್ಲಿ ಇದ್ದದ್ದು ಒಂದು ಸಣ್ಣ ಪೊಟ್ಟಣ, ಎರಡು ಸಿಗರೇಟು. ಠಾಣೆ ಯಾವುದು ಅಂತ ನಾನು ಹೇಳುವುದಿಲ್ಲ, ಅದು ಇಲ್ಲಿ ಮುಖ್ಯವಲ್ಲ. ರಾತ್ರಿಯೆಲ್ಲ ಕೂರಿಸಿದರು. ಮೂತ್ರ ಪರೀಕ್ಷೆ ಆಯಿತು. ಬೆಳಗ್ಗೆ ಇನ್ನೂ ನಾಲ್ವರ ಜೊತೆ ಸಾಲಾಗಿ ನಿಲ್ಲಿಸಿ ವಿಡಿಯೋ ತೆಗೆದರು. ಅದು ಬೀದಿಯ ವಾಟ್ಸಾಪ್ ಗ್ರೂಪಿಗೇ ಬಂತು. ಕೇಸು ಆಯಿತು. ಕಾಲೇಜಿನಿಂದ ಪತ್ರ ಬಂತು. ಕ್ಯಾಂಪಸ್ ಇಂಟರ್ವ್ಯೂನಲ್ಲಿ ಸಿಕ್ಕ ಕೆಲಸ ಹೋಯಿತು. ಆ ಹುಡುಗನ ತಾಯಿ ಈಗಲೂ ಬೆಳಗ್ಗೆ ರಂಗೋಲಿ ಹಾಕೋಕೆ ಹೊರಗೆ ಬರುವುದಿಲ್ಲ.

ಇದನ್ನು ಕಣ್ಣಾರೆ ಕಂಡ ಅಕ್ಕ ಭಾವ ಮಗನನ್ನು ಮನೆಯೊಳಗೇ ಮುಚ್ಚಿಟ್ಟುಕೊಂಡರು. ಏಳು ತಿಂಗಳು. ದೇವರು ಕೇಳಿಸಿದರು. ತಾಯತ ಕಟ್ಟಿಸಿದರು. ಯಾರೋ ಹೇಳಿದರು ಅಂತ ಮಾಗಡಿ ಕಡೆ ಕರೆದುಕೊಂಡು ಹೋಗಿ ತಡೆ ಒಡೆಸಿದರು. ಮೆಡಿಕಲ್ ಶಾಪ್ ಇಟ್ಟುಕೊಂಡಿರುವ ಸ್ವಂತ ತಮ್ಮನಿಗೂ ಹೇಳಲಿಲ್ಲ. ನಾನು ಎಲ್ಲಿ ಬಾಯಿ ಬಿಡುತ್ತೇನೋ ಅನ್ನೋ ಹೆದರಿಕೆ.

ಕೊನೆಗೆ ನಾನೇ ಆಟೋ ಹಿಡಿದು ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆ. ಹೊಸೂರು ರಸ್ತೆ ಸಿಗ್ನಲ್‌ನಲ್ಲಿ ಒಬ್ಬ ಟ್ರಾಫಿಕ್ ಪೊಲೀಸ್ ಆಟೋ ಪಕ್ಕ ನಿಂತರು. ಅಕ್ಕ ಸೆರಗು ತೆಗೆದು ಮಗನ ಮುಖಕ್ಕೆ ಹೊದಿಸಿದಳು. ಆ ಪಾಪದ ಪೊಲೀಸಪ್ಪ ನೋಡುತ್ತಿದ್ದದ್ದು ಮುಂದಿನ ಬಸ್ಸನ್ನು.

ಒಳಗೆ ಡಾಕ್ಟರ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಎಷ್ಟು ದಿನದಿಂದ, ದಿನಕ್ಕೆ ಎಷ್ಟು ಸಲ, ಜೊತೆಗೆ ಬೇರೆ ಏನಾದರೂ ಇದೆಯಾ, ಅಂತ ಜ್ವರ ವಿಚಾರಿಸಿದ ಹಾಗೆ ಕೇಳಿದರು. ಅಕ್ಕ ಉತ್ತರ ಕೊಡದೆ ನನ್ನ ಮುಖ ನೋಡಿದಳು. ಡಾಕ್ಟರಿಗೆ ಅರ್ಥ ಆಯಿತು. 'ಅಮ್ಮ, ನಾವು ಪೊಲೀಸರಲ್ಲ. ಇಲ್ಲಿ ಹೇಳಿದ್ದು ಇಲ್ಲೇ ಇರತ್ತೆ' ಅಂದರು. ಅಕ್ಕ ಅಲ್ಲೇ ಕುಸಿದು ಕೂತು ಅತ್ತಳು. ಏಳು ತಿಂಗಳಲ್ಲಿ ಅವಳು ಅತ್ತದ್ದು ಅದೇ ಮೊದಲಂತೆ.

ಇನ್ನೂ ಒಂದು ವಿಷಯ ಅವತ್ತೇ ಹೊರಗೆ ಬಂತು. ಮನೆಯಲ್ಲಿ ಬೇರೆ ಯಾರಿಗಾದರೂ ಇಂಥ ಕಾಯಿಲೆ ಇತ್ತಾ ಅಂತ ಡಾಕ್ಟರ್ ಕೇಳಿದಾಗ ಭಾವ ಸುಮಾರು ಹೊತ್ತು ಸುಮ್ಮನಿದ್ದರು. ಆಮೇಲೆ, ಅವರ ಸ್ವಂತ ತಮ್ಮನಿಗೆ ಇತ್ತು ಅಂದರು. ಮದುವೆಯಾಗಿ 24 ವರ್ಷ ಆಗಿದ್ದರೂ ಅಕ್ಕನಿಗೆ ಅದು ಗೊತ್ತಿರಲಿಲ್ಲ.

ಸರ್, ಗಾಂಜಾ ಏನೂ ಮಾಡಲ್ಲ, ಗಿಡಮೂಲಿಕೆ, ಶಿವನ ಪ್ರಸಾದ ಅಂತ ಹೇಳುವವರ ಪರ ಬರೆದ ಪತ್ರ ಇದಲ್ಲ. ನಮ್ಮ ಮನೆಯಲ್ಲಿ ಅದು ಮಾಡಿದ್ದನ್ನು ನೋಡಿದ್ದೇನೆ. ಸೇದಿದವರಿಗೆಲ್ಲ ಹೀಗಾಗುವುದಿಲ್ಲ, ಅದೂ ನಿಜ. ಬಹಳಷ್ಟು ಜನ ಸೇದಿ, ಬಿಟ್ಟು, ಸಂಸಾರ ಮಾಡಿಕೊಂಡು ಆರಾಮಾಗಿದ್ದಾರೆ. ಹೆರಾಯಿನ್ ತರಹ ಇದು ಉಸಿರು ನಿಲ್ಲಿಸಿ ಸಾಯಿಸುವ ಪದಾರ್ಥ ಅಲ್ಲ. ಆದರೆ ಸೇದಿದವರಲ್ಲಿ ಹತ್ತರಲ್ಲಿ ಒಬ್ಬರಿಗೆ ಅದು ಬಿಡಲಾಗದ ಚಟ ಆಗುತ್ತದೆ. ಹೈಸ್ಕೂಲು, ಪಿಯುಸಿ ವಯಸ್ಸಿನಲ್ಲಿ ಶುರು ಮಾಡಿದವರಲ್ಲಿ ಆರರಲ್ಲಿ ಒಬ್ಬರಿಗೆ. 25 ವರ್ಷದ ತನಕ ಮಿದುಳು ಇನ್ನೂ ಬಲಿಯುತ್ತಲೇ ಇರುತ್ತದೆ. ದಿನಾ ಸೇದುವ ಹುಡುಗನ ನೆನಪು, ಗಮನ ಎರಡೂ ಸಡಿಲ ಆಗುತ್ತವೆ. ಬಿಟ್ಟ ಮೇಲೆ ಮೊದಲ ಒಂದೆರಡು ವಾರ ನಿದ್ದೆ ಬರಲ್ಲ, ಊಟ ಸೇರಲ್ಲ, ಸುಮ್ಸುಮ್ನೆ ಸಿಟ್ಟು ಬರುತ್ತದೆ. ಆ ಎರಡು ವಾರ ತಡೆಯೋಕೆ ಆಗದೆ ಮತ್ತೆ ಶುರು ಮಾಡುವವರಿದ್ದಾರೆ. ಇನ್ನು ಸೇದಿ ಗಾಡಿ ಓಡಿಸುವುದು. ಬ್ರೇಕ್ ಹಿಡಿಯಬೇಕು ಅಂತ ಅನ್ನಿಸುವುದಕ್ಕೂ ಕೈ ಹಿಡಿಯುವುದಕ್ಕೂ ನಡುವೆ ತಡ ಆಗುತ್ತದೆ. ನಮ್ಮ ಔಟರ್ ರಿಂಗ್ ರೋಡಿನಲ್ಲಿ ಅಷ್ಟು ತಡ ಸಾಕು.

ಮುಖ್ಯವಾದದ್ದು ಮನಸ್ಸಿನ ಕಾಯಿಲೆ. ಮನೆತನದಲ್ಲಿ ಅದರ ಎಳೆ ಇದ್ದವರಿಗೆ ಗಾಂಜಾ ಬೆಂಕಿ ಕಡ್ಡಿ ಗೀರಿದ ಹಾಗೆ. 2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಟಿಎಚ್‌ಸಿ ಜಾಸ್ತಿ ಇರುವ ಗಾಂಜಾವನ್ನು ದಿನಾ ಸೇದುವವರಲ್ಲಿ ಸೈಕೋಸಿಸ್, ಅಂದರೆ ಇಲ್ಲದ್ದು ಇದೆ ಅಂತ ನಂಬಿಸುವ ಮನಸ್ಸಿನ ಕಾಯಿಲೆ, ಬರುವ ಸಾಧ್ಯತೆ, ಯಾವತ್ತೂ ಸೇದದವರಿಗಿಂತ ಸುಮಾರು 5 ಪಟ್ಟು ಹೆಚ್ಚು. ಟಿಎಚ್‌ಸಿ ಅಂದರೆ ಅಮಲು ಬರಿಸುವ ಅಂಶ. ನಮ್ಮ ತಾತನ ಕಾಲದ ಬಂಗಿ ಸೊಪ್ಪಿಗೂ ಈಗ ಹುಡುಗರ ಕೈಗೆ ಬರುತ್ತಿರುವುದಕ್ಕೂ ಹೋಲಿಕೆ ಇಲ್ಲ. ಬ್ಯಾಂಕಾಕಿನಿಂದ ಬಂದ ಹೈಡ್ರೋ ಗಾಂಜಾವನ್ನು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ ಕಿಲೋಗಟ್ಟಲೆ ಹಿಡಿದ ಸುದ್ದಿ ಪದೇ ಪದೇ ಬರುತ್ತಿದೆಯಲ್ಲ, ಅದು ಮಣ್ಣಿಲ್ಲದೆ, ದೀಪದ ಬೆಳಕಿನಲ್ಲಿ, ಟಿಎಚ್‌ಸಿ ಹೆಚ್ಚಾಗಲಿ ಅಂತಲೇ ಬೆಳೆಸಿದ ಮಾಲು.

ಇಂಥ ಕಾಯಿಲೆಗೆ ಚಿಕಿತ್ಸೆ ಎಷ್ಟು ತಡವಾಗುತ್ತದೋ ಚೇತರಿಕೆ ಅಷ್ಟು ನಿಧಾನ. ಹಾಗಾಗಿ ಆ ಏಳು ತಿಂಗಳು ನನ್ನನ್ನು ಬಿಡುತ್ತಿಲ್ಲ. ಗಾಂಜಾ ಹುಡುಗನಿಗೆ ಕಾಯಿಲೆ ಬರಿಸಿತು. ಆದರೆ ಏಳು ತಿಂಗಳು ಅವನನ್ನು ಆಸ್ಪತ್ರೆಯಿಂದ ದೂರ ಇಟ್ಟದ್ದು ಪೊಲೀಸರ ಹೆದರಿಕೆ.

ಆಮೇಲೆ ನಾನು ಕಾನೂನು ಓದೋಕೆ ಕೂತೆ. ಅಂಗಡಿಗೆ ಬರುವ ವಕೀಲರೊಬ್ಬರು ಎನ್‌ಡಿಪಿಎಸ್ ಕಾಯ್ದೆಯ ಪುಸ್ತಕ ತಂದುಕೊಟ್ಟು, ಎರಡು ಭಾನುವಾರ ಕೂತು ತಿಳಿಸಿಕೊಟ್ಟರು. ಇದು ಮಾದಕ ವಸ್ತುಗಳ ಬಗ್ಗೆ ಇರುವ 1985ರ ಕೇಂದ್ರದ ಕಾಯ್ದೆ. ಇದರಲ್ಲಿ ಗಾಂಜಾ ಅಂದರೆ ಗಿಡದ ಹೂವಿನ ತುದಿ, ಚರಸ್ ಅಂದರೆ ಅದರ ಅಂಟು. ಬರೀ ಎಲೆ, ಬರೀ ಬೀಜ ಇದ್ದರೆ ಅದು ಗಾಂಜಾ ಅಲ್ಲ. ಎಲೆಯಿಂದ ಮಾಡುವ ಭಂಗಿ ಈ ಕಾಯ್ದೆಯಲ್ಲಿ ಬರುವುದಿಲ್ಲ ಅಂತ ನಮ್ಮ ಹೈಕೋರ್ಟೇ 2022ರಲ್ಲಿ ಒಂದು ಜಾಮೀನು ಆದೇಶದಲ್ಲಿ ಹೇಳಿದೆ. ಒಂದೇ ಗಿಡ. ಎಲೆ ರಾಜ್ಯಗಳ ಅಬಕಾರಿ ಕಾನೂನಿಗೆ, ಹೂವು ಜೈಲಿಗೆ. ಜನರಿಗೆ ಗೊಂದಲ ಆಗುವುದು ಸಹಜ.

ಹೂವು ಸಿಕ್ಕರೆ ಶಿಕ್ಷೆ ತೂಕದ ಮೇಲೆ. 1 ಕೆ.ಜಿ. ತನಕ 'ಅಲ್ಪ ಪ್ರಮಾಣ'. ಅದಕ್ಕೆ 1 ವರ್ಷದವರೆಗೆ ಕಠಿಣ ಶಿಕ್ಷೆ, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. 20 ಕೆ.ಜಿ. ದಾಟಿದರೆ 10ರಿಂದ 20 ವರ್ಷ ಜೈಲು, 1ರಿಂದ 2 ಲಕ್ಷ ದಂಡ, ಜಾಮೀನು ಸಿಗುವುದೇ ಕಷ್ಟ. ನಡುವೆ ಇದ್ದದ್ದಕ್ಕೆ 10 ವರ್ಷದ ತನಕ. ಇಟ್ಟುಕೊಂಡಿಲ್ಲ, ಸೇದಿದ್ದಾನೆ ಅಷ್ಟೇ ಅಂದರೂ 27ನೇ ಕಲಂ ಪ್ರಕಾರ 6 ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇಲ್ಲಿ ಒಂದು ಮಾತು ಗಮನಿಸಿ ಸರ್. ಜೇಬಿನಲ್ಲಿ 5 ಗ್ರಾಂ ಇರುವ ವಿದ್ಯಾರ್ಥಿಯೂ 900 ಗ್ರಾಂ ತಂದು ಪೊಟ್ಟಣ ಕಟ್ಟಿ ಕಾಲೇಜು ಗೇಟಿನಲ್ಲಿ ಮಾರುವವನೂ ಒಂದೇ 'ಅಲ್ಪ ಪ್ರಮಾಣ'ದ ಕೆಳಗೆ ಬರುತ್ತಾರೆ. ವಿದ್ಯಾರ್ಥಿಯನ್ನು ಹಿಡಿಯುವುದು ಸುಲಭ. ಮಾರುವವನನ್ನು ಹಿಡಿಯೋಕೆ ತಿಂಗಳುಗಟ್ಟಲೆ ಕಾಯಬೇಕು. ಆಂಧ್ರ–ಒಡಿಶಾ ಗಡಿಯ ಬೆಟ್ಟಗಳಿಂದ ರೈಲು, ಲಾರಿಗಳಲ್ಲಿ ಬರುವ ಮೂಟೆಗಳನ್ನು ನಮ್ಮ ಸಿಸಿಬಿ ಪೊಲೀಸರು ಹಿಡಿದ ಸುದ್ದಿ ಓದಿದಾಗ ನನಗೆ ನಿಜವಾಗಲೂ ಹೆಮ್ಮೆ ಆಗುತ್ತದೆ. ಅದೇ ಕೆಲಸ ಇನ್ನೂ ಜಾಸ್ತಿ ಆಗಲಿ. ರಸ್ತೆಯಲ್ಲಿ ಹುಡುಗರ ಜೇಬು ತಡಕುವ ಸಮಯ ಅಲ್ಲಿಗೆ ಹೋಗಲಿ.

ಮೂತ್ರ ಪರೀಕ್ಷೆಯ ಬಗ್ಗೆಯೂ ಫಾರ್ಮಸಿ ಓದಿದವನಾಗಿ ಒಂದು ಮಾತು. ಒಂದು ಸಲ ಸೇದಿದವನ ಮೂತ್ರದಲ್ಲಿ ಕೆಲವು ದಿನ, ದಿನಾ ಸೇದಿ ಬಿಟ್ಟವನ ಮೂತ್ರದಲ್ಲಿ ಕೆಲವು ವಾರ ಗಾಂಜಾದ ಅಂಶ ಉಳಿದಿರುತ್ತದೆ. ಬಿಟ್ಟು ಹತ್ತು ದಿನ ಆದ, ನಿದ್ದೆ ಇಲ್ಲದೆ ಒದ್ದಾಡುತ್ತಾ ಹೇಗೋ ತಡೆದುಕೊಂಡಿರುವ ಹುಡುಗನಿಗೂ ಆ ಪರೀಕ್ಷೆ ಪಾಸಿಟಿವ್ ತೋರಿಸುತ್ತದೆ. ಅವನು ಈಗ ಅಮಲಿನಲ್ಲಿದ್ದಾನೆ ಅಂತ ಅದರ ಅರ್ಥ ಅಲ್ಲ.

ಇದೆಲ್ಲ ಶಿಕ್ಷೆಯ ಕಥೆ. ಅದೇ ಪುಸ್ತಕದಲ್ಲಿ ವಕೀಲರು ತೋರಿಸಿದ ಇನ್ನೊಂದು ಪುಟ ನೋಡಿ ನಾನು ಸುಮಾರು ಹೊತ್ತು ಸುಮ್ಮನೆ ಕೂತಿದ್ದೆ. 64ಎ ಕಲಂ. ಚಟಕ್ಕೆ ಬಿದ್ದವನ ಮೇಲೆ ಸೇವನೆಯ ಕೇಸೋ ಅಲ್ಪ ಪ್ರಮಾಣದ ಕೇಸೋ ಇದ್ದು, ಅವನು ತಾನಾಗಿಯೇ ಮುಂದೆ ಬಂದು ಸರ್ಕಾರದ ಅಥವಾ ಸರ್ಕಾರ ಒಪ್ಪಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದರೆ, ಆ ಕೇಸಿನಲ್ಲಿ ಅವನನ್ನು ವಿಚಾರಣೆಗೆ ಗುರಿ ಮಾಡುವಂತಿಲ್ಲ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಮಾತ್ರ ಆ ರಕ್ಷಣೆ ವಾಪಸ್ ಹೋಗಬಹುದು. 39ನೇ ಕಲಂ ಇನ್ನೊಂದು. ತಪ್ಪಿತಸ್ಥ ಅಂತ ತೀರ್ಮಾನ ಆದ ಮೇಲೂ ಕೋರ್ಟು ಅವನನ್ನು ಜೈಲಿಗೆ ಕಳಿಸುವ ಬದಲು ಚಿಕಿತ್ಸೆಗೆ ಕಳಿಸಬಹುದು.

ಅದಲ್ಲದೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇದೆ. ಅದರಲ್ಲಿ ಮಾನಸಿಕ ಕಾಯಿಲೆ ಅಂದರೆ ಮದ್ಯ, ಮಾದಕ ವಸ್ತುವಿನಿಂದ ಬಂದ ತೊಂದರೆಯೂ ಸೇರಿದೆ. ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಅನ್ನೋದು ಅದರ 23ನೇ ಕಲಂ. ಅಂದರೆ ಆ ಡಾಕ್ಟರಮ್ಮ ನಮ್ಮ ಅಕ್ಕನಿಗೆ ಹೇಳಿದ್ದು ಬರೀ ಸಮಾಧಾನದ ಮಾತಲ್ಲ. ಅದು ಕಾನೂನು.

ಬಾಗಿಲು ಇತ್ತು ಸರ್. ಅದು ಇದೆ ಅಂತ ಯಾರೂ ನಮಗೆ ಹೇಳಿರಲಿಲ್ಲ. ಹಿಂದಿನ ಬೀದಿಯ ಹುಡುಗನಿಗೂ ಆ ರಾತ್ರಿ ಠಾಣೆಯಲ್ಲಿ ಯಾರೂ ಹೇಳಲಿಲ್ಲ. ಅವನ ಅಪ್ಪನನ್ನು ನಾನೇ ಹೋಗಿ ಕೇಳಿದೆ. 'ಹಾಗೆಲ್ಲ ಇದ್ಯಾ?' ಅಂದರು. ಅಷ್ಟು ಹೊತ್ತಿಗೆ ಅವರು ಬೈಕು ಮಾರಿ ವಕೀಲರ ಫೀಸು ಕಟ್ಟಿದ್ದರು.

ಜೂನ್ 26, ಮಾದಕ ವಸ್ತು ವಿರೋಧಿ ದಿನ ಬಂದರೆ ಕಾಲೇಜುಗಳಲ್ಲಿ ಜಾಥಾ ಆಗುತ್ತದೆ. ಮಕ್ಕಳು ಬೋರ್ಡು ಹಿಡಿದು ನಡೆಯುತ್ತಾರೆ, ಪ್ರತಿಜ್ಞೆ ಮಾಡುತ್ತಾರೆ. ಬೇಡ ಅನ್ನೋದಿಲ್ಲ. ಆದರೆ ಎಲ್ಲ ಬೋರ್ಡಿನಲ್ಲೂ ಗಾಂಜಾ ಸೇದಬೇಡಿ, ಸೇದಿದರೆ ಜೈಲು ಅಂತ ಮಾತ್ರ ಇರುತ್ತದೆ. ಸೇದಿ ಆಗಿದೆ, ಬಿಡೋಕೆ ಆಗ್ತಿಲ್ಲ, ಈಗ ಏನು ಮಾಡಲಿ ಅನ್ನುವ ಹುಡುಗನಿಗೆ ಆ ಜಾಥಾದಲ್ಲಿ ಒಂದು ಬೋರ್ಡೂ ಇಲ್ಲ. ಅಂಥವರು ಎಷ್ಟು ಜನ? ಕೇಂದ್ರ ಸರ್ಕಾರ ಏಮ್ಸ್ ಮೂಲಕ ಮಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಪ್ರಕಾರ, ದೇಶದಲ್ಲಿ ಭಂಗಿ, ಗಾಂಜಾ, ಚರಸ್ ಬಳಸುವವರು ಸುಮಾರು 3.1 ಕೋಟಿ. ಅವರಲ್ಲಿ ತೊಂದರೆಗೆ ಬಿದ್ದು ಸಹಾಯ ಬೇಕಾದವರು ಸುಮಾರು 72 ಲಕ್ಷ. ಇಷ್ಟು ಜನರನ್ನು ಯಾವ ಜೈಲಿನಲ್ಲಿ ಇಡೋಕೆ ಆಗುತ್ತದೆ?

ಔಷಧಿಯ ಮಾತೂ ಆಡಲೇಬೇಕು, ಯಾಕೆಂದರೆ ಅದನ್ನೂ ಜನ ನನ್ನನ್ನೇ ಕೇಳುತ್ತಾರೆ. ಹೋದ ವರ್ಷ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕೀಮೋ ತಗೊಳ್ಳುತ್ತಿದ್ದ ಒಬ್ಬ ತಾಯಿಯ ಮಗ ಬಂದು ಫೋನ್ ತೋರಿಸಿದ. ಗಾಂಜಾ ಎಣ್ಣೆ ಕ್ಯಾನ್ಸರ್ ವಾಸಿ ಮಾಡುತ್ತದೆ ಅಂತ ವಾಟ್ಸಾಪ್ ಮೆಸೇಜು. 'ಅಣ್ಣ, ಎಲ್ಲಿ ಸಿಗತ್ತೆ, ಎಷ್ಟಾದ್ರೂ ಆಗ್ಲಿ' ಅಂದ. ಅವನ ಕೈ ನಡುಗುತ್ತಿತ್ತು. ವಾಸಿ ಮಾಡುತ್ತದೆ ಅನ್ನೋದು ಸುಳ್ಳು ಕಣಪ್ಪ ಅಂತ ಹೇಳೋದು ನನಗೆ ಎಷ್ಟು ಕಷ್ಟ ಆಯಿತು ಅಂತ ನನಗೇ ಗೊತ್ತು. ನಿಜ ಏನಂದರೆ, ಕೀಮೋದಿಂದ ಬರುವ ವಾಂತಿ, ವಾಕರಿಕೆಗೆ ಟಿಎಚ್‌ಸಿಯ ಮಾತ್ರೆಯನ್ನು ಅಮೆರಿಕದಲ್ಲಿ 1985ರಲ್ಲೇ ಒಪ್ಪಿದ್ದಾರೆ. ಮಕ್ಕಳಿಗೆ ಬರುವ ಎರಡು ಬಗೆಯ ಕಠಿಣ ಮೂರ್ಛೆ ರೋಗಕ್ಕೆ, ಇದೇ ಗಿಡದ ಇನ್ನೊಂದು ಅಂಶ ಸಿಬಿಡಿಯಿಂದ ಮಾಡಿದ ದ್ರವವನ್ನು 2018ರಲ್ಲಿ ಒಪ್ಪಿದರು. ಸಿಬಿಡಿಯಿಂದ ಅಮಲು ಬರುವುದಿಲ್ಲ. ನರಗಳ ಕಾಯಿಲೆಯಲ್ಲಿ ಮಾಂಸಖಂಡ ಬಿಗಿಯುವುದಕ್ಕೆ, ಹಳೆಯ ನೋವಿಗೆ ಕೆಲವರಿಗೆ ಉಪಯೋಗ ಆಗುತ್ತದೆ ಅನ್ನೋದಕ್ಕೂ ಆಧಾರ ಇದೆ. ನಮ್ಮ ಆಯುರ್ವೇದದಲ್ಲಿ ಇದರ ಹೆಸರು ವಿಜಯಾ. ವೈದ್ಯರ ಚೀಟಿ ಮೇಲೆ ಕೊಡುವ ಔಷಧಿಗಳೂ ಇವೆ.

ಆದರೆ ಅವೆಲ್ಲ ಅಳತೆ ಇರುವ ಔಷಧಿ. ಇಷ್ಟು ಮಿಲಿಗ್ರಾಂ, ಇಷ್ಟು ಹೊತ್ತಿಗೆ, ಇಂಥ ಮಾತ್ರೆ ಜೊತೆ ಬೇಡ, ಅಂತ ಬರೆದಿರುತ್ತದೆ. ಪೊಟ್ಟಣದಲ್ಲಿ ಬರುವ ಸೊಪ್ಪಿಗೆ ಲೇಬಲ್ ಇಲ್ಲ. ಅಫೀಮಿನಿಂದ ಮಾರ್ಫಿನ್ ಬಂತು ಅಂತ ಯಾರೂ ನೋವಿಗೆ ಅಫೀಮು ನೆಕ್ಕಿ ಅನ್ನೋದಿಲ್ಲ, ಅಲ್ವಾ? ನಿಜವಾಗಿ ಬೇಕಾದ ರೋಗಿಗೆ ಅಳತೆಯ ಔಷಧಿ ಸುಲಭವಾಗಿ ಸಿಗುವ ಹಾಗೆ ಆದರೆ, ಆ ಮಗನಂಥವರು ಕತ್ತಲಲ್ಲಿ ನಿಂತವರ ಹತ್ತಿರ ಬಾಟ್ಲಿ ಕೊಳ್ಳುವುದು ತಪ್ಪುತ್ತದೆ. ಇದು ಆರೋಗ್ಯ ಇಲಾಖೆಗೆ ಸೇರಿದ ಮಾತು. ಆದರೂ ತಮ್ಮ ಕಿವಿಗೂ ಬೀಳಲಿ ಅಂತ ಬರೆದೆ.

ಕಣ್ಣಿಗೆ ಡ್ರಾಪ್ಸ್ ಕೇಳುವ ಹುಡುಗರು ನನ್ನ ಜೊತೆ ವಾದಕ್ಕೂ ನಿಲ್ಲುತ್ತಾರೆ. ಕೆನಡಾದಲ್ಲಿ 2018ರಿಂದ ಅಂಗಡಿಯಲ್ಲೇ ಸಿಗತ್ತೆ ಅಂಕಲ್, ಜರ್ಮನಿಯಲ್ಲಿ 2024ರಿಂದ 25 ಗ್ರಾಂ ಇಟ್ಟುಕೊಳ್ಳಬಹುದು, ನಮ್ಮಲ್ಲಿ ಯಾಕೆ ಆಗಲ್ಲ ಅಂತಾರೆ. ಥಾಯ್ಲೆಂಡ್ 2022ರಲ್ಲಿ ಬಿಟ್ಟು, ಬೀದಿಗೊಂದು ಅಂಗಡಿ ಆದ ಮೇಲೆ, 2025ರಲ್ಲಿ ಚೀಟಿ ಇಲ್ಲದೆ ಕೊಡಬಾರದು ಅಂತ ಮತ್ತೆ ಬಿಗಿ ಮಾಡಿತು ಅಂತ ನಾನು ಹೇಳುತ್ತೇನೆ. ನಮ್ಮಲ್ಲಿ ಅಂಗಡಿ ತೆರೆಯಿರಿ ಅಂತ ನಾನು ಕೇಳುತ್ತಿಲ್ಲ. ಮದ್ಯದ ಅಂಗಡಿಗಳಿಂದ ಎಷ್ಟು ಸಂಸಾರ ಹಾಳಾಗಿದೆ ಅಂತ ಲಿವರ್ ಮಾತ್ರೆ ಕೊಡುವ ನನಗೆ ಗೊತ್ತು.

ನನಗೆ ಹಿಡಿಸಿದ್ದು ಪೋರ್ಚುಗಲ್ ಮಾಡಿದ ಕೆಲಸ. ಅಲ್ಲಿ 2001ರಿಂದ, ಹತ್ತು ದಿನಕ್ಕೆ ಸಾಕಾಗುವಷ್ಟು ಸ್ವಂತಕ್ಕೆ ಇಟ್ಟುಕೊಂಡು ಸಿಕ್ಕಿಬಿದ್ದವನನ್ನು ಕ್ರಿಮಿನಲ್ ಕೋರ್ಟಿಗೆ ಕಳಿಸುವುದಿಲ್ಲ. ಪದಾರ್ಥ ಕಿತ್ತುಕೊಳ್ಳುತ್ತಾರೆ. ಒಂದು ಸಣ್ಣ ಸಮಿತಿಯ ಮುಂದೆ ಕೂರಿಸುತ್ತಾರೆ. ಕಾನೂನು ಬಲ್ಲವರು, ಆರೋಗ್ಯದವರು, ಸಮಾಜ ಕಾರ್ಯದವರು ಅದರಲ್ಲಿ ಇರುತ್ತಾರೆ. ಇವನಿಗೆ ಚಟ ಇದೆಯಾ, ಇಲ್ಲವಾ ಅಂತ ಅವರು ನೋಡುತ್ತಾರೆ. ಇದ್ದರೆ ಚಿಕಿತ್ಸೆಗೆ ಕಳಿಸುತ್ತಾರೆ. ಮಾರುವುದು ಅಲ್ಲಿ ಈಗಲೂ ಅಪರಾಧವೇ.

ನಮ್ಮ ಕಾಯ್ದೆಯಲ್ಲಿ ಒಂದು ಕೊರತೆ ಇರುವುದು ಇಲ್ಲೇ. 64ಎ ಕಲಂ ರಕ್ಷಣೆ ಕೊಡುವುದು 'ವ್ಯಸನಿ'ಗೆ, ಅಂದರೆ ಚಟಕ್ಕೆ ಪೂರ್ತಿ ಅಂಟಿಕೊಂಡವನಿಗೆ. ಗೆಳೆಯರ ಜೊತೆ ಮೊದಲ ಸಲ ದಮ್ಮು ಎಳೆದು ಸಿಕ್ಕಿಬಿದ್ದ 18ರ ಹುಡುಗ ವ್ಯಸನಿ ಅಲ್ಲ. ಹಾಗಾಗಿ ಅವನಿಗೆ ರಕ್ಷಣೆ ಇಲ್ಲ. ವರ್ಷಗಟ್ಟಲೆ ಸೇದಿದವನಿಗೆ ಬಾಗಿಲು ತೆರೆದಿದೆ, ಒಂದು ದಿನ ಸೇದಿದವನಿಗೆ ಮುಚ್ಚಿದೆ. ಇದನ್ನು ಸರಿಪಡಿಸುವುದು ಕೇಂದ್ರದ ಕೈಯಲ್ಲಿದೆ, ಗೊತ್ತು. ಆದರೆ ರಾಜ್ಯದ ಗೃಹ ಸಚಿವರು ಪತ್ರ ಬರೆದರೆ ಅದಕ್ಕೆ ತೂಕ ಇರುತ್ತದೆ. ದಯವಿಟ್ಟು ಬರೆಯಿರಿ.

ಉಳಿದದ್ದಕ್ಕೆ ತಮ್ಮ ಒಂದು ಸುತ್ತೋಲೆ ಸಾಕು. ಅಲ್ಪ ಪ್ರಮಾಣದಲ್ಲಿ ಸಿಕ್ಕಿಬಿದ್ದ ಪ್ರತಿಯೊಬ್ಬರಿಗೂ ಅವರ ಮನೆಯವರಿಗೂ 64ಎ ಬಗ್ಗೆ ಠಾಣೆಯಲ್ಲೇ ಕನ್ನಡದಲ್ಲಿ ಹೇಳಬೇಕು, ಹೇಳಿದ್ದೇವೆ ಅಂತ ಸಹಿ ತಗೊಳ್ಳಬೇಕು ಅಂತ ಮಾಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯ ಮಾನಸಿಕ ವಿಭಾಗದ ವಿಳಾಸ ಅವರ ಕೈಗೆ ಕೊಡಿ. ಮುಖ ಕಾಣುವ ಹಾಗೆ ವಿಡಿಯೋ ತೆಗೆಯುವುದನ್ನು ನಿಲ್ಲಿಸಿ. ಅವರು ಇನ್ನೂ ಆರೋಪಿಗಳು, ಬಹಳಷ್ಟು ಜನ ಇಪ್ಪತ್ತು ದಾಟದವರು. ಒಂದು ವಿಡಿಯೋ ಊರೆಲ್ಲ ಓಡಾಡಿದರೆ ಇನ್ನೂರು ಮನೆಯವರು ಬಾಗಿಲು ಹಾಕಿಕೊಳ್ಳುತ್ತಾರೆ. ಆ ಇನ್ನೂರರಲ್ಲಿ ಒಂದು ನಮ್ಮ ಅಕ್ಕನ ಮನೆಯಾಗಿತ್ತು.

ನಮ್ಮಂಥ ಅಂಗಡಿಯವರನ್ನೂ ಬಳಸಿಕೊಳ್ಳಿ. ಬೆಂಗಳೂರಿನಲ್ಲಿ ಬೀದಿಗೊಂದು ಮೆಡಿಕಲ್ ಶಾಪ್ ಇದೆ. ಮಗನಿಗೆ ನಿದ್ದೆ ಮಾತ್ರೆ ಕೊಡಿ ಅಂತ ಕೇಳಿಕೊಂಡು ಬರುವ ತಾಯಂದಿರನ್ನು ಮೊದಲು ನೋಡುವವರು ನಾವು. ಚೀಟಿ ಇಲ್ಲದೆ ಕೊಡಲ್ಲ ಅಂತ ಹೇಳಿ ಕಳಿಸುತ್ತೇವೆ, ಅದು ನಮ್ಮ ಕರ್ತವ್ಯ. ಆದರೆ ಕಳಿಸುವಾಗ ಎಲ್ಲಿಗೆ ಹೋಗಬೇಕು ಅಂತ ಒಂದು ಹಾಳೆ ಕೊಡಲು ಆದರೆ ಎಷ್ಟು ಒಳ್ಳೆಯದು.

ಹುಡುಗ ಈಗ ಪರವಾಗಿಲ್ಲ. ತಿಂಗಳಿಗೊಮ್ಮೆ ನಿಮ್ಹಾನ್ಸ್‌ಗೆ ಹೋಗಿ ಬರುತ್ತಾನೆ. ಮಾತ್ರೆ ಬಿಡುವ ಹಾಗಿಲ್ಲ. ಸ್ವಲ್ಪ ದಪ್ಪ ಆಗಿದ್ದಾನೆ, ಮಾತು ನಿಧಾನ. ಕಾಲೇಜಿಗೆ ಒಂದು ವರ್ಷ ರಜೆ. ಸಂಜೆ ಅಂಗಡಿಗೆ ಬಂದು ನನ್ನ ಜೊತೆ ಸ್ಟಾಕ್ ಜೋಡಿಸುತ್ತಾನೆ. ಎಕ್ಸ್‌ಪೈರಿ ಡೇಟ್ ನೋಡುವುದರಲ್ಲಿ ನನಗಿಂತ ಚುರುಕು. ಮೊನ್ನೆ ಡ್ರಾಪ್ಸ್ ಕೇಳಿಕೊಂಡು ಒಬ್ಬ ಹುಡುಗ ಬಂದಾಗ ಇವನೇ ಕೌಂಟರಿನಲ್ಲಿದ್ದ. ಡ್ರಾಪ್ಸ್ ಕೊಟ್ಟ. ಆಮೇಲೆ ಹೊರಗೆ ಹೋಗಿ ಬೈಕಿನ ಪಕ್ಕ ನಿಂತು ಅವರ ಜೊತೆ ಸುಮಾರು ಹೊತ್ತು ಮಾತಾಡಿದ. ಏನು ಹೇಳಿದ ಅಂತ ನಾನು ಕೇಳಲಿಲ್ಲ.

ಅವನ ಅಕ್ಷರ ಚೆನ್ನಾಗಿದೆ. ಅವನ ಕೈಯಲ್ಲೇ ಒಂದು ಹಾಳೆ ಬರೆಸಿ ಕೌಂಟರಿನ ಗಾಜಿಗೆ ಅಂಟಿಸಿದ್ದೇನೆ. 'ಗಾಂಜಾ ಬಿಡಲು ಆಗುತ್ತಿಲ್ಲವೇ? ಆಸ್ಪತ್ರೆಗೆ ಹೋಗಿ. ಡಾಕ್ಟರ್ ನಿಮ್ಮ ವಿಷಯ ಗುಟ್ಟಾಗಿ ಇಡಬೇಕು, ಅದು ಕಾನೂನು. ಕೇಸು ಆಗಿದ್ದರೂ ಚಿಕಿತ್ಸೆಗೆ ದಾರಿ ಇದೆ, ವಕೀಲರನ್ನು 64ಎ ಕಲಂ ಬಗ್ಗೆ ಕೇಳಿ. ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಚಟ ಬಿಡಲು 14446.' ಇಷ್ಟೇ.

ಹಾಳೆ ಅಂಟಿಸಿ ಮೂರು ವಾರ ಆಯಿತು. ನಾಲ್ಕು ಜನ ಅದರ ಫೋಟೋ ತೆಗೆದುಕೊಂಡು ಹೋಗಿದ್ದಾರೆ. ಮೊನ್ನೆ ಶುಕ್ರವಾರ ಒಬ್ಬ ತಾಯಿ ಬಂದರು. ಶುಗರ್ ಮಾತ್ರೆ ತಗೊಂಡು, ಹಾಳೆಯನ್ನು ಎರಡು ಸಲ ಓದಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು. 'ಇದು ಸರ್ಕಾರದೋರು ಹೇಳಿರೋದಾ, ನೀವು ಬರೆದಿರೋದಾ?'

ನಾವೇ ಬರೆದದ್ದು ಅಮ್ಮ, ಆದರೆ ನಿಜ, ಅಂದೆ. ಅವರು ಚಿಲ್ಲರೆ ಪರ್ಸಿಗೆ ಹಾಕಿಕೊಂಡು, ಫೋಟೋ ತೆಗೆಯದೆ ಹೋದರು.

ಆ ಹಾಳೆ ತಮ್ಮ ಇಲಾಖೆಯ ಮೊಹರಿನೊಂದಿಗೆ ಬರಲಿ ಸರ್. ಗಾಜಿನ ಮೇಲೆ ಜಾಗ ಬಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ರಾಜಾಜಿನಗರದ ಒಬ್ಬ ಔಷಧಿ ಅಂಗಡಿಯವನು
ಬೆಂಗಳೂರು